ನಿಮ್ಮ ಉತ್ತರ ಯಾರು ತಿದ್ದುತ್ತಾರೆ?

ಅಣ್ಣನ ಮಗಳು ಈಗ ಎರಡನೇ ಪಿಯುಸಿ. ಇಂಜಿನಿಯರಿಂಗ್ ಬೇಡ, ಗಣಿತಾನೇ ಓದ್ತೀನಿ ಅಂತ ಮನೆಯಲ್ಲಿ ಹೇಳಿಬಿಟ್ಟಿದ್ದಾಳೆ. ಅಣ್ಣ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನು. ಮಗಳ ಮಾತಿಗೆ ಅಡ್ಡ ಬರುವ ಮನಸ್ಸು ಅವನಿಗಿಲ್ಲ, ಆದರೆ ದಿಗಿಲು ಮಾತ್ರ ಹೋಗಿಲ್ಲ. "ನೀನೂ ಅದನ್ನೇ ಓದಿದವಳಲ್ವಾ, ನೀನೇ ಹೇಳಮ್ಮ. ಎಲ್ಲಿಗೆ ಸೇರಿಸೋದು? ಓದಿ ಮುಂದೇನು?" ಅಂತ ಫೋನ್ ಮಾಡಿ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇಟ್ಟುಕೊಂಡು ಕೂತಿರುವ ಮನೆಗಳು ಬೇಕಾದಷ್ಟಿವೆ.

ನಾನು ನಮ್ಮ ಕಡೆಯ ಕಾಲೇಜಿನಲ್ಲೇ ಪಿಸಿಎಂ ತೆಗೆದುಕೊಂಡು ಬಿಎಸ್ಸಿ ಮಾಡಿದವಳು. ಆಮೇಲೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಗಣಿತ. ಕೆಲವು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದೆ. ಈಗ ಬೆಂಗಳೂರಿನಲ್ಲಿ, ಬ್ಯಾಂಕೊಂದರಲ್ಲಿ ಸಾಲದ ರಿಸ್ಕ್ ಲೆಕ್ಕ ಹಾಕುವ ತಂಡದಲ್ಲಿದ್ದೇನೆ. ಹಾಗಾಗಿ ಪಾಠದ ಕಡೆಯೂ ಗೊತ್ತು, ಸಂಬಳದ ಕಡೆಯೂ ಗೊತ್ತು.

ಎಲ್ಲಿ ಅನ್ನುವ ಮಾತಿಗೆ ಮುಂಚೆ ಇನ್ನೊಂದು ವಿಷಯ ನೋಡಬೇಕಿತ್ತು. ಅವಳಿಗೆ ಇಷ್ಟವಾಗಿರುವುದು ಗಣಿತವೋ ಅಥವಾ ಗಣಿತದಲ್ಲಿ ಬರುವ ಅಂಕವೋ? ದೀಪಾವಳಿಗೆ ಊರಿಗೆ ಹೋದಾಗ ಒಂದು ಪ್ರಶ್ನೆ ಕೊಟ್ಟೆ. ಒಂದು, ಎರಡು, ಮೂರು ಹೀಗೆ ಯಾವುದಾದರೂ ಸಂಖ್ಯೆ ತಗೋ. ಅದರ ವರ್ಗ ಮಾಡು. ಅದಕ್ಕೆ ಅದೇ ಸಂಖ್ಯೆ ಸೇರಿಸು, ಇನ್ನೊಂದು 1 ಸೇರಿಸು. ಬಂದ ಮೊತ್ತ ಯಾವತ್ತಾದರೂ ಪೂರ್ಣ ವರ್ಗ ಆಗುತ್ತಾ?

ಅವಳು ಚಕಚಕ ಅಂತ ಬರೆದಳು. 3, 7, 13, 21, 31. ಇಪ್ಪತ್ತರವರೆಗೆ ಹೋಗಿ "ಆಗಲ್ಲ ಅತ್ತೆ" ಅಂದಳು.

"ಇಪ್ಪತ್ತೊಂದಕ್ಕೆ ಆಗಿಬಿಟ್ಟರೆ?"

"ಆಗಲ್ಲ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ ಸಾಲದು ಕಣೇ."

ಊಟಕ್ಕೆ ಕರೆದರೂ ಏಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹಾಳೆ ಹಿಡಿದು ಬಂದಳು. 5ರ ವರ್ಗ 25, ಮುಂದಿನ ವರ್ಗ 36. ನಮ್ಮ 31 ಇವೆರಡರ ಮಧ್ಯೆ ಸಿಕ್ಕಿಹಾಕಿಕೊಂಡಿದೆ. ಯಾವ ಸಂಖ್ಯೆ ತಗೊಂಡರೂ ಇದೇ ಕಥೆ. ಒಂದು ವರ್ಗದಿಂದ ಮುಂದಿನ ವರ್ಗಕ್ಕೆ ಹೋಗೋಕೆ ಆ ಸಂಖ್ಯೆಯ ಎರಡರಷ್ಟು ಮತ್ತು ಮೇಲೊಂದು ಬೇಕು. ನಾವು ಸೇರಿಸಿದ್ದು ಸಂಖ್ಯೆ ಮತ್ತು ಮೇಲೊಂದು ಮಾತ್ರ. ಮುಟ್ಟೋಕೆ ಸಾಧ್ಯವೇ ಇಲ್ಲ. ಇಷ್ಟು ಬರೆದು ಕೊನೆಗೆ "ಆದ್ದರಿಂದ ಪೂರ್ಣ ವರ್ಗ ಆಗುವುದಿಲ್ಲ" ಅಂತ ಮುಗಿಸಿದ್ದಳು. ನಾನು ಆ ಕೊನೆಯ ಸಾಲಿನ ಕೆಳಗೆ ಗೆರೆ ಎಳೆದೆ. ಪಕ್ಕಪಕ್ಕದ ಎರಡು ವರ್ಗಗಳ ಮಧ್ಯೆ ಬೇರೆ ವರ್ಗ ಇರುವುದಿಲ್ಲ ಅನ್ನುವುದನ್ನು ಅವಳು ಉಪಯೋಗಿಸಿದ್ದಳು, ಆದರೆ ಹೇಳಿರಲಿಲ್ಲ. "ಇದನ್ನೂ ಬರಿ, ಯಾಕೆ ಅಂತಾನೂ ಬರಿ" ಅಂದೆ. ಬರೆದಳು. ಮುಖ ಅರಳಿತ್ತು. ಇವಳು ಗಣಿತ ಓದಬಹುದು ಅಂತ ನನಗೆ ಧೈರ್ಯ ಬಂದದ್ದು ಆಗ.

ಆ ಗೆರೆ ಎಳೆಯುವ ಕೆಲಸ ಇದೆಯಲ್ಲ, ಗಣಿತದ ಡಿಗ್ರಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅದು. ಸಿಇಟಿಯಲ್ಲಿ ನಾಲ್ಕರಲ್ಲಿ ಒಂದು ಉತ್ತರಕ್ಕೆ ಗುರುತು ಹಾಕಿ ಮುಂದೆ ಓಡಬೇಕು. ಡಿಗ್ರಿ ಗಣಿತ ಆ ದಾರಿಯದ್ದಲ್ಲ. ಅಲ್ಲಿ ಒಂದು ಮಾತು ನಿಜ ಅಂತ ಸಾಧಿಸಿ ಬರೆಯಬೇಕು, ಮತ್ತು ನಾವು ಬರೆದದ್ದರಲ್ಲಿ ಎಲ್ಲಿ ತೂತಿದೆ ಅಂತ ಯಾರಾದರೂ ತೋರಿಸಬೇಕು. ಒಬ್ಬರೇ ಕೂತು ಓದಿದರೆ ನಮ್ಮ ತೂತು ನಮಗೆ ಕಾಣುವುದಿಲ್ಲ. ಹಾಗಾಗಿ ಎಲ್ಲಿ ಸೇರಬೇಕು ಅಂತ ಯಾರು ಕೇಳಿದರೂ ನನ್ನ ಉತ್ತರ ಇಷ್ಟೇ: ನಿಮ್ಮ ಉತ್ತರವನ್ನು ಕೂತು ಓದಿ ತಿದ್ದಿಕೊಡುವವರು ಎಲ್ಲಿದ್ದಾರೋ ಅಲ್ಲಿ. ಕಟ್ಟಡ, ರ್‍ಯಾಂಕಿಂಗ್, ಹೆಸರು ಎಲ್ಲಾ ಆಮೇಲೆ.

ಈ ಅಳತೆ ಹಿಡಿದು ನೋಡಿದರೆ ನಮಗೆ ತೀರಾ ಹತ್ತಿರದಲ್ಲೇ ಒಂದು ಒಳ್ಳೆಯ ಜಾಗ ಇದೆ. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಹೋಗುವಾಗ, ಆರ್‌ವಿ ಇಂಜಿನಿಯರಿಂಗ್ ಕಾಲೇಜಿನ ಹತ್ತಿರ, ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಸಿಗುತ್ತೆ. ಎಲ್ಲರೂ ಐಎಸ್‌ಐ ಅಂತಾರೆ. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ 1931ರಲ್ಲಿ ಕೋಲ್ಕತ್ತಾದಲ್ಲಿ ಕಟ್ಟಿದ ಸಂಸ್ಥೆ ಇದು. 1959ರಲ್ಲಿ ಸಂಸತ್ತು ಕಾಯ್ದೆ ಮಾಡಿ ಇದಕ್ಕೆ ರಾಷ್ಟ್ರೀಯ ಮಹತ್ವದ ಸಂಸ್ಥೆ ಅನ್ನುವ ಸ್ಥಾನ ಕೊಟ್ಟಿತು. ಅದರ ಗಣಿತದ ಡಿಗ್ರಿ ಬಿ.ಮ್ಯಾಥ್ ಆನರ್ಸ್ ಇರುವುದು ಬೆಂಗಳೂರಿನಲ್ಲೇ. ಸಂಖ್ಯಾಶಾಸ್ತ್ರದ ಡಿಗ್ರಿ ಬಿ.ಸ್ಟಾಟ್ ಬೇಕಾದವರು ಕೋಲ್ಕತ್ತಾಗೆ ಹೋಗಬೇಕು. ತುಮಕೂರು, ಹಾಸನ, ಮಂಡ್ಯದ ಎಷ್ಟೋ ಮಕ್ಕಳು ಬಸ್ಸಿನಲ್ಲಿ ಇದರ ಹತ್ತಿರ ಹಾದುಹೋಗಿರುತ್ತಾರೆ, ಒಳಗೆ ಏನು ನಡೆಯುತ್ತೆ ಅಂತ ಯಾರೂ ಹೇಳಿರುವುದಿಲ್ಲ. ನನಗೂ ಪಿಯುಸಿಯಲ್ಲಿ ಯಾರೂ ಹೇಳಲಿಲ್ಲ. ಈಗ ಅದಕ್ಕೇ ಸಿಕ್ಕಿದವರಿಗೆಲ್ಲ ಹೇಳುತ್ತೇನೆ.

ಐಎಸ್‌ಐ ಪ್ರವೇಶ ಪರೀಕ್ಷೆ ಜೆಇಇ ಥರ ಅಲ್ಲ. ಗುರುತು ಹಾಕುವ ಪತ್ರಿಕೆ ಒಂದು, ಪೂರ್ತಿ ಬರೆದು ಸಾಧಿಸುವ ಪತ್ರಿಕೆ ಇನ್ನೊಂದು. ಭೌತಶಾಸ್ತ್ರ, ರಸಾಯನಶಾಸ್ತ್ರ ಇರುವುದಿಲ್ಲ, ಗಣಿತ ಮಾತ್ರ. ಮೇಲೆ ಹೇಳಿದ ವರ್ಗದ ಪ್ರಶ್ನೆಯ ಜಾತಿಯವು ಅಲ್ಲಿ ಬರುತ್ತವೆ, ಇನ್ನೂ ಗಟ್ಟಿಯಾಗಿ. ದುಡ್ಡಿನ ಚಿಂತೆ ಇರುವ ಮನೆಗೆ ಹೇಳಬೇಕಾದ ಮಾತು ಅಂದರೆ, ಇಲ್ಲಿ ಓದುವ ಮಕ್ಕಳಿಗೆ ಸ್ಟೈಪೆಂಡ್ ಕೊಡುವ ಪದ್ಧತಿ ಬಹಳ ಕಾಲದಿಂದ ಇದೆ. ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಅವರ ವೆಬ್‌ಸೈಟ್‌ನಲ್ಲೇ ಓದಿ. ಕೋಚಿಂಗ್‌ನವರ ಮಾತು ಕೇಳಿ ಸುಮ್ನೆ ನಂಬಬೇಡಿ.

ಇನ್ನೊಂದು, ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್. ಊರಾಚೆ ಸಿರುಸೇರಿಯಲ್ಲಿದೆ, ಸಣ್ಣ ಸಂಸ್ಥೆ. ಸಿ.ಎಸ್. ಶೇಷಾದ್ರಿ ಅನ್ನುವ ದೊಡ್ಡ ಗಣಿತಜ್ಞರು 1989ರಲ್ಲಿ ಶುರು ಮಾಡಿದ್ದು. ಸಂಶೋಧನೆ ಮಾಡುವವರೇ ಬಿಎಸ್ಸಿ ಮಕ್ಕಳಿಗೂ ಪಾಠ ಮಾಡಬೇಕು ಅನ್ನುವುದು ಅವರ ಹಟ. 1998ರಿಂದ ಗಣಿತ ಮತ್ತು ಕಂಪ್ಯೂಟರ್ ಸೈನ್ಸ್ ಎರಡೂ ಸೇರಿದ ಬಿಎಸ್ಸಿ ಆನರ್ಸ್ ನಡೆಸುತ್ತಿದ್ದಾರೆ. ಇದಕ್ಕೂ ಅವರದೇ ಪರೀಕ್ಷೆ, ಇದರಲ್ಲೂ ಬರೆದು ಸಾಧಿಸಬೇಕು. ನನ್ನ ಕೇಳಿದರೆ, ಗಣಿತ ಇಷ್ಟ ಆದರೆ ಕೆಲಸದ ಭಯವೂ ಇದೆ ಅನ್ನುವ ಮಗುವಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಥಿಯರಿ ಜೊತೆಗೇ ಪ್ರೋಗ್ರಾಮಿಂಗ್ ಬಂದುಬಿಡುತ್ತೆ.

ಬೆಂಗಳೂರಿನ ಐಐಎಸ್‌ಸಿ ಎಲ್ಲರಿಗೂ ಗೊತ್ತು, ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಹಳಬರು ಕರೆಯೋದು. ಅಲ್ಲಿ 2011ರಿಂದ ಪಿಯುಸಿ ಮುಗಿಸಿದವರಿಗೂ ನಾಲ್ಕು ವರ್ಷದ ಬಿಎಸ್ ರಿಸರ್ಚ್ ಇದೆ. ಗಣಿತವನ್ನೇ ಮೇಜರ್ ಮಾಡಿಕೊಳ್ಳಬಹುದು. 2022ರಲ್ಲಿ ಮ್ಯಾಥಮೆಟಿಕ್ಸ್ ಅಂಡ್ ಕಂಪ್ಯೂಟಿಂಗ್ ಬಿ.ಟೆಕ್ ಬಂತು, ಅದಕ್ಕೆ ಜೆಇಇ ಅಡ್ವಾನ್ಸ್ಡ್ ಬೇಕು. ಇದೇ ಹೆಸರಿನ ಬಿ.ಟೆಕ್ ಐಐಟಿಗಳಲ್ಲೂ ಇದೆ, ನಮ್ಮ ಧಾರವಾಡದ ಐಐಟಿಯಲ್ಲೂ ಇದೆ. ಒಳ್ಳೆಯ ಕೋರ್ಸೇ. ಆದರೆ ಅದು ಮುಖ್ಯವಾಗಿ ಕಂಪ್ಯೂಟಿಂಗ್ ಕಡೆ ವಾಲಿದ ಓದು ಅನ್ನುವುದು ತಿಳಿದು ಸೇರಬೇಕು. ಪುಣೆ, ತಿರುವನಂತಪುರ, ತಿರುಪತಿ ಕಡೆ ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳಿವೆ, ಐದು ವರ್ಷದ ಬಿಎಸ್-ಎಂಎಸ್. ಭುವನೇಶ್ವರದಲ್ಲಿ ಅದೇ ಥರದ ನೈಸರ್ ಇದೆ, ಅದಕ್ಕೆ ನೆಸ್ಟ್ ಪರೀಕ್ಷೆ. ಈ ಕಡೆಗಳಲ್ಲಿ ಮೊದಲು ಬೇರೆ ವಿಜ್ಞಾನಗಳನ್ನೂ ಓದಿ ಆಮೇಲೆ ಗಣಿತಕ್ಕೆ ಹೋಗಬೇಕು. ಇನ್ನೂ ಮನಸ್ಸು ಗಟ್ಟಿಯಾಗದ ಮಕ್ಕಳಿಗೆ ಅದು ಒಳ್ಳೇದೇ.

ಇಲ್ಲಿಗೆ ಬಂದಾಗ ಅಣ್ಣ ಕೇಳಿದ. "ಇವೆಲ್ಲಾ ಸಿಗದೇ ಹೋದ್ರೆ?"

ನಿಜ. ಸೀಟು ಕಡಿಮೆ, ಬರೆಯುವವರು ಜಾಸ್ತಿ. ಹೆಚ್ಚಿನ ಮಕ್ಕಳು ಬಿಎಸ್ಸಿ ಮಾಡುವುದು ನಮ್ಮ ಮಾಮೂಲಿ ಕಾಲೇಜುಗಳಲ್ಲೇ, ನಾನೂ ಅಲ್ಲೇ ಮಾಡಿದ್ದು. ಇದರ ಬಗ್ಗೆ ಎರಡು ಮಾತು ಹೇಳಲೇಬೇಕು.

ಒಂದು, ಕಾಲೇಜು ಆರಿಸುವಾಗ ಏನು ನೋಡಬೇಕು ಅನ್ನೋದು. ಅಪ್ಪ ಅಮ್ಮ ಹೋಗಿ ಆಫೀಸಿನಲ್ಲಿ ಫೀಸು ಕೇಳಿ, ಹಾಸ್ಟೆಲ್ ನೋಡಿ ಬರುತ್ತಾರೆ. ಅದರ ಜೊತೆಗೆ ಗಣಿತ ವಿಭಾಗಕ್ಕೂ ಹೋಗಿ. ಯಾರಾದರೂ ಎರಡನೇ ವರ್ಷದ ವಿದ್ಯಾರ್ಥಿಯನ್ನು ಹಿಡಿದು ಅವರ ಇಂಟರ್ನಲ್ ಟೆಸ್ಟ್ ಪೇಪರ್ ತೋರಿಸು ಅನ್ನಿ. ಉತ್ತರದ ಪಕ್ಕದಲ್ಲಿ ಬರೀ ಅಂಕ ಇದೆಯಾ, ಅಥವಾ "ಈ ಹೆಜ್ಜೆ ಯಾಕೆ?" ಅಂತ ಕೆಂಪು ಶಾಯಿಯಲ್ಲಿ ಏನಾದರೂ ಬರೆದಿದ್ದಾರಾ? ಕಾಯಂ ಮೇಷ್ಟ್ರು ಎಷ್ಟು ಜನ ಇದ್ದಾರೆ? ಲೈಬ್ರರಿಯ ಗಣಿತದ ಕಪಾಟಿಗೆ ಮಕ್ಕಳೇ ಕೈ ಹಾಕಬಹುದಾ, ಅಥವಾ ಬೀಗ ಹಾಕಿದೆಯಾ? ಕಳೆದ ಎರಡು ಮೂರು ವರ್ಷದಲ್ಲಿ ಯಾರಾದರೂ ಇಲ್ಲಿಂದ ಒಳ್ಳೆಯ ಕಡೆ ಎಂಎಸ್ಸಿಗೆ ಹೋದರಾ? ಈ ಪ್ರಶ್ನೆಗಳಿಗೆ ಹತ್ತು ನಿಮಿಷದಲ್ಲಿ ಉತ್ತರ ಸಿಗುತ್ತೆ. ನಾನು ನೋಡಿದ ಒಂದು ದೊಡ್ಡ ಹೆಸರಿನ ಕಾಲೇಜಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಪ್ರಮೇಯ ಬರೆಯುತ್ತಿದ್ದರು, ಮಕ್ಕಳು ಅದನ್ನು ಇಳಿಸಿಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಹಾಗೇ ಬರೆದು ಬರುತ್ತಿದ್ದರು. ಮೂರು ವರ್ಷ ಯಾರೂ ಒಂದು ಪ್ರಶ್ನೆ ಕೇಳುತ್ತಿರಲಿಲ್ಲ. ಅದಕ್ಕಿಂತ ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಮನಸ್ಸಿಟ್ಟು ಕೂರುವ ಒಬ್ಬ ಮೇಷ್ಟ್ರು ಇದ್ದರೆ ಅದೇ ಮೇಲು.

ಕಾಂಬಿನೇಷನ್ ಬಗ್ಗೆಯೂ ಯೋಚಿಸಿ. ನಮ್ಮ ರಾಜ್ಯದಲ್ಲಿ 2021ರಲ್ಲಿ ಹೊಸ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಡಿಗ್ರಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ವಾಪಸಾದೆವು. ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಗಣಿತ ತೆಗೆದುಕೊಳ್ಳುವುದು ರೂಢಿ. ಸಿಗುವುದಾದರೆ ನಾನು ಗಣಿತದ ಜೊತೆ ಸಂಖ್ಯಾಶಾಸ್ತ್ರ ಅಥವಾ ಕಂಪ್ಯೂಟರ್ ಸೈನ್ಸ್ ತಗೋ ಅನ್ನುತ್ತೇನೆ. ಕಾರಣ ಕೆಲಸದ ಮಾತು ಬಂದಾಗ ಹೇಳುತ್ತೇನೆ.

ಎರಡನೆಯ ಮಾತು, ಬಿಎಸ್ಸಿ ಎಲ್ಲಿ ಮಾಡಿದೆವು ಅನ್ನುವಲ್ಲಿಗೆ ಕಥೆ ಮುಗಿಯುವುದಿಲ್ಲ. ಎಂಎಸ್ಸಿಗೆ ಇನ್ನೊಂದು ಬಾಗಿಲು ತೆರೆಯುತ್ತೆ. ಫೆಬ್ರುವರಿಯಲ್ಲಿ ನಡೆಯುವ ಜಾಮ್ ಪರೀಕ್ಷೆ ಬರೆದರೆ ಐಐಟಿಗಳಲ್ಲಿ ಎಂಎಸ್ಸಿ ಗಣಿತ ಸಿಗುತ್ತೆ. ಐಎಸ್‌ಐ, ಚೆನ್ನೈನ ಸಂಸ್ಥೆ ಎರಡಕ್ಕೂ ಎಂಎಸ್ಸಿ ಹಂತದಲ್ಲಿ ಬೇರೆ ಪರೀಕ್ಷೆಗಳಿವೆ. ಯಲಹಂಕದ ಕಡೆ ಮುಂಬೈನ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನ ಅನ್ವಯಿಕ ಗಣಿತದ ಕೇಂದ್ರ ಇದೆ, ಅಲ್ಲಿ ಎಂಎಸ್ಸಿ, ಪಿಎಚ್‌ಡಿ ಎರಡೂ ಸೇರಿದ ಕೋರ್ಸಿಗೇ ಸೇರಬಹುದು. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯವೂ ಗಣಿತಕ್ಕೆ ಹೆಸರಾದದ್ದು.

ಈ ಎರಡನೇ ಬಾಗಿಲಿನ ತನಕ ತಲುಪಿಸುವ ಒಂದು ಸೇತುವೆ ಇದೆ. ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನನ್ನ ಓದು ಬದಲಾದದ್ದು ಅದರಿಂದ. ಎಂಟಿಟಿಎಸ್ (ಮ್ಯಾಥಮೆಟಿಕ್ಸ್ ಟ್ರೈನಿಂಗ್ ಅಂಡ್ ಟ್ಯಾಲೆಂಟ್ ಸರ್ಚ್) ಅಂತ ಒಂದು ಬೇಸಿಗೆ ಶಿಬಿರ. ಎಸ್. ಕುಮರೇಸನ್ ಅನ್ನುವ ಪ್ರೊಫೆಸರ್ 1993ರಲ್ಲಿ ಶುರು ಮಾಡಿದ್ದು. ಡಿಗ್ರಿ, ಎಂಎಸ್ಸಿ ಓದುವ ಮಕ್ಕಳನ್ನು ದೇಶದ ಬೇರೆ ಬೇರೆ ಕಡೆಯಿಂದ ಆರಿಸಿ, ನಾಲ್ಕು ವಾರ ಒಂದು ಕಡೆ ಕೂರಿಸಿ ಗಣಿತ ಮಾಡಿಸುತ್ತಾರೆ. ಅಂಕ ಇಲ್ಲ, ರ್‍ಯಾಂಕ್ ಇಲ್ಲ.

ನಾನು ಬಿಎಸ್ಸಿ ಓದುವಾಗ ಹೋಗಿದ್ದೆ. ಮೊದಲ ದಿನ ಮೇಷ್ಟ್ರು ಬಂದು, ಸಂಖ್ಯೆಗಳ ಒಂದು ಶ್ರೇಣಿ ಒಂದು ಮಿತಿಗೆ ಕನ್ವರ್ಜ್ ಆಗುತ್ತೆ, ಅಂದರೆ ಅದನ್ನೇ ಸಮೀಪಿಸುತ್ತೆ, ಅಂದರೇನು ಅಂತ ಕೇಳಿದರು. ಎಪ್ಸಿಲಾನ್‌ನ ಡೆಫಿನಿಷನ್ ಎಲ್ಲರಿಗೂ ಬಾಯಿಪಾಠ. ಒಟ್ಟಿಗೆ ಹೇಳಿದೆವು. "ಸರಿ, ಆ ಮಿತಿಗೆ ಕನ್ವರ್ಜ್ ಆಗಲ್ಲ ಅಂದರೇನು? ಬೋರ್ಡಿಗೆ ಬಂದು ಚಿತ್ರ ಬರೆದು ತೋರಿಸಿ." ಇಡೀ ಕ್ಲಾಸು ಸುಮ್ಮನಾಯಿತು. ಅವರು ಉತ್ತರ ಹೇಳಲಿಲ್ಲ, ಕಾದರು. ಅಸ್ಸಾಮಿನ ಹುಡುಗಿಯೊಬ್ಬಳು ಎದ್ದು ಹೋಗಿ ಮಿತಿಗೆ ಒಂದು ಗೆರೆ, ಅದರ ಸುತ್ತ ಒಂದು ಪಟ್ಟಿ, ಶ್ರೇಣಿಯ ಸಂಖ್ಯೆಗಳಿಗೆ ಚುಕ್ಕಿಗಳನ್ನು ಬರೆದಳು. ಚುಕ್ಕಿಗಳು ಪಟ್ಟಿಯಿಂದ ಹೊರಗೆ ಹೋಗಬೇಕು ಅಂದಳು. ಎಷ್ಟು ಚುಕ್ಕಿ ಹೋಗಬೇಕು? ಒಂದು ಸಾಕಾ? ಎಲ್ಲವೂ ಹೋಗಬೇಕಾ? ಅದರ ಮೇಲೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ವಾದ ನಡೆಯಿತು. ಎಷ್ಟು ದೂರ ಹೋದರೂ ಅದರ ಮುಂದೆ ಇನ್ನೊಂದು ಚುಕ್ಕಿ ಪಟ್ಟಿಯ ಹೊರಗೆ ಸಿಗಬೇಕು, ಅಷ್ಟೇ ಬೇಕಾದ್ದು. ಈ ಮಾತಿಗೆ ನಾವೇ ಬಂದು ಮುಟ್ಟಿದೆವು. ನಾನು ವರ್ಷವಿಡೀ ಬರೆದ ಒಂದು ಸಾಲಿನ ಅರ್ಥ ನನಗೆ ಅವತ್ತು ಗೊತ್ತಾಯಿತು. ಜಿಲ್ಲೆಯ ಕಾಲೇಜುಗಳ ಮಕ್ಕಳಿಗೆ ನಾನು ಕೈ ಮುಗಿದು ಹೇಳುವುದು ಇಷ್ಟೇ, ಇದಕ್ಕೆ ಅರ್ಜಿ ಹಾಕಿ.

ಇನ್ನು ನಮ್ಮ ವಿಶ್ವವಿದ್ಯಾಲಯಗಳು. ಮಾನಸಗಂಗೋತ್ರಿಯ ಬಗ್ಗೆ ನನಗೆ ಪ್ರೀತಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ರಾಮಾನುಜನ್ ಅವರ ನೋಟ್‌ಬುಕ್ಕುಗಳ ಮೇಲೆ ಅಲ್ಲಿ ದಶಕಗಟ್ಟಲೆ ಕೆಲಸ ನಡೆದಿದೆ. ಅಮೆರಿಕದ ಗಣಿತಜ್ಞ ಬ್ರೂಸ್ ಬರ್ನ್ಟ್ ಜೊತೆ ಎಸ್. ಭಾರ್ಗವ, ಚಂದ್ರಶೇಖರ ಅಡಿಗ ಸೇರಿ ಎರಡನೇ ನೋಟ್‌ಬುಕ್ಕಿನ 16ನೇ ಅಧ್ಯಾಯದ ಮೇಲೆ ಮಾಡಿದ ಕೆಲಸ 1985ರಲ್ಲಿ ಹೊರಬಂತು. ಹೀಗೆ ಒಂದೊಂದು ವಿಭಾಗಕ್ಕೆ ಒಂದೊಂದು ವಂಶಾವಳಿ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎನ್. ರುದ್ರಯ್ಯ ದ್ರವ, ಗಾಳಿಯ ಹರಿವಿನ ಗಣಿತವಾದ ಫ್ಲೂಯಿಡ್ ಮೆಕ್ಯಾನಿಕ್ಸ್‌ಗೆ ದೊಡ್ಡ ಕೇಂದ್ರವನ್ನೇ ಕಟ್ಟಿದರು. ಇ. ಸಂಪತ್‌ಕುಮಾರ್, ಗುಲ್ಬರ್ಗದ ವಿ.ಆರ್. ಕುಲ್ಲಿ ಇವರಿಂದ ಗ್ರಾಫ್ ಥಿಯರಿ, ಅಂದರೆ ಚುಕ್ಕಿಗಳು ಮತ್ತು ಅವನ್ನು ಸೇರಿಸುವ ಗೆರೆಗಳ ಗಣಿತ, ಬೆಳೆಯಿತು. ಅವರ ಶಿಷ್ಯರು, ಶಿಷ್ಯರ ಶಿಷ್ಯರು ಇವತ್ತು ರಾಜ್ಯದ ತುಂಬಾ ಮೇಷ್ಟ್ರು. ಅದಕ್ಕೇ ನಮ್ಮ ಎಂಎಸ್ಸಿ ಸಿಲಬಸ್ ತೆರೆದರೆ ಈ ಎರಡು ವಿಷಯ ಎದ್ದು ಕಾಣುತ್ತವೆ. ನಿಮಗೆ ಆಲ್ಜೀಬ್ರಾನೋ ಜಾಮೆಟ್ರಿನೋ ಇಷ್ಟ ಅಂದರೆ, ಸೇರುವ ಮುಂಚೆ ಆ ವಿಭಾಗದ ಮೇಷ್ಟ್ರುಗಳು ಯಾವುದರಲ್ಲಿ ಕೆಲಸ ಮಾಡುತ್ತಾರೆ ಅಂತ ನೋಡಿ. ಎರಡು ವರ್ಷ ಓದುವುದಕ್ಕೆ ಎಲ್ಲಾದರೂ ಆದೀತು, ಪಿಎಚ್‌ಡಿ ಮಾಡುವಾಗ ಇದು ಮುಖ್ಯವಾಗುತ್ತೆ.

ಈಗ ಅಣ್ಣನ ಎರಡನೇ ಪ್ರಶ್ನೆ. ಓದಿ ಮುಂದೇನು?

ಮೇಷ್ಟ್ರಾಗುವುದು ಮೊದಲು ನೆನಪಾಗುವ ದಾರಿ. ಹೈಸ್ಕೂಲಿಗೆ ಬಿಎಸ್ಸಿ ಮೇಲೆ ಬಿ.ಎಡ್, ಪಿಯು ಕಾಲೇಜಿಗೆ ಎಂಎಸ್ಸಿ ಮತ್ತು ಬಿ.ಎಡ್. ಪಾಠ ಮಾಡುವುದೇ ಇಷ್ಟ ಅಂತ ಈಗಲೇ ಗೊತ್ತಿದ್ದರೆ ಮೈಸೂರಿನ ಆರ್‌ಐಇ ನೋಡಿ. ಎನ್‌ಸಿಇಆರ್‌ಟಿಯ ಸಂಸ್ಥೆ, 1963ರದ್ದು, ಮಾನಸಗಂಗೋತ್ರಿಯ ಪಕ್ಕದಲ್ಲೇ ಇದೆ. ಬಿಎಸ್ಸಿ, ಬಿ.ಎಡ್ ಎರಡೂ ನಾಲ್ಕು ವರ್ಷದಲ್ಲಿ ಒಟ್ಟಿಗೆ ಮುಗಿಯುತ್ತೆ. ಗಣಿತವನ್ನು ಚೆನ್ನಾಗಿ ಹೇಳಿಕೊಡುವ ಮೇಷ್ಟ್ರಿಗೆ ಒಳ್ಳೆಯ ಶಾಲೆಗಳಲ್ಲಿ ಬೇಡಿಕೆ ಕಡಿಮೆ ಆಗಿದ್ದು ನಾನು ನೋಡಿಲ್ಲ.

ಡಿಗ್ರಿ ಕಾಲೇಜಿನ ವಿಷಯದಲ್ಲಿ ಮಾತ್ರ ನನಗೆ ನೋವಿದೆ. ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಪಾಸಾಗಿ, ಪಿಎಚ್‌ಡಿಯೂ ಮುಗಿಸಿ, ಅತಿಥಿ ಉಪನ್ಯಾಸಕರಾಗಿಯೇ ವರ್ಷಗಳನ್ನು ಕಳೆದವರು ಎಷ್ಟೋ ಜನ ಇದ್ದಾರೆ. ಕಾಯಂ ನೇಮಕಾತಿ ಯಾವಾಗಲೋ ಒಮ್ಮೆ. ಅಲ್ಲಿಯವರೆಗೆ ಮುಂದಿನ ವರ್ಷ ಕೆಲಸ ಇರುತ್ತೋ ಇಲ್ವೋ ಗೊತ್ತಿಲ್ಲ, ರಜೆಯಲ್ಲಿ ಸಂಬಳ ಇಲ್ಲ. ನಾನು ಪಾಠ ಬಿಟ್ಟದ್ದು ಪಾಠ ಬೇಸರವಾಗಿ ಅಲ್ಲ. ಇದನ್ನು ಮಕ್ಕಳಿಗೆ ಮುಚ್ಚಿಡಬಾರದು. ಈ ದಾರಿ ಹಿಡಿಯುವವರು ಕೈಯಲ್ಲಿ ಇನ್ನೊಂದು ವಿದ್ಯೆ ಇಟ್ಟುಕೊಂಡೇ ಹಿಡಿಯಬೇಕು.

ಸಂಶೋಧನೆಗೆ ಹೋಗುವವರಿಗೆ ಓದುವಾಗಲೇ ಫೆಲೋಶಿಪ್ ಸಿಗುತ್ತೆ. ಜೆಆರ್‌ಎಫ್ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಜೊತೆಗೆ ಮನೆ ಬಾಡಿಗೆ ಭತ್ಯೆ. ಪಿಎಚ್‌ಡಿ ಐದು ಆರು ವರ್ಷ ಹಿಡಿಯುತ್ತೆ, ಆಮೇಲೆ ಪೋಸ್ಟ್‌ಡಾಕ್ ಅಂತ ಕೆಲವು ವರ್ಷದ ತಾತ್ಕಾಲಿಕ ಸಂಶೋಧನಾ ಕೆಲಸಕ್ಕೆ ಹೊರದೇಶಕ್ಕೂ ಹೋಗಬೇಕಾಗಬಹುದು. ಒಂದು ಪ್ರಶ್ನೆಯ ಹಿಂದೆ ತಿಂಗಳುಗಟ್ಟಲೆ ಬೀಳುವ ಮನಸ್ಸಿದ್ದರೆ ಇದು ಸುಖದ ದಾರಿ.

ಕಂಪನಿ ಕೆಲಸಗಳ ಬಗ್ಗೆ ನನ್ನ ಕೆಲಸವನ್ನೇ ಹೇಳುತ್ತೇನೆ. ಯಾರಿಗೆ ಸಾಲ ಕೊಟ್ಟರೆ ವಾಪಸ್ ಬರುತ್ತೆ, ಎಷ್ಟು ಮುಳುಗಬಹುದು ಅಂತ ಅಂದಾಜು ಮಾಡುವ ಮಾಡೆಲ್‌ಗಳನ್ನು ಒಂದು ತಂಡ ಕಟ್ಟುತ್ತೆ. ಅದು ಸರಿಯಿದೆಯಾ ಅಂತ ಪರೀಕ್ಷೆ ಮಾಡುವುದು ನಮ್ಮ ತಂಡ. ಒಂದು ಸಲ ಮಾಡೆಲ್ ಒಂದರಲ್ಲಿ "ಹಿಂದಿನ ಸಾಲ ತೆಗೆದು ಎಷ್ಟು ತಿಂಗಳಾಯಿತು" ಅನ್ನುವ ಕಾಲಮ್ ಇತ್ತು. ಅಲ್ಲಿ ಸೊನ್ನೆ ಇದ್ದವರನ್ನೆಲ್ಲಾ ಮಾಡೆಲ್ ಒಂದೇ ಥರ ನೋಡುತ್ತಿತ್ತು. ಸೊನ್ನೆ ಅಂದರೇನು ಅಂತ ಕೇಳಿದೆ. ಈ ತಿಂಗಳೇ ಸಾಲ ತೆಗೆದವರು ಅಂದರು. ಹುಡುಕಿ ನೋಡಿದರೆ, ಜೀವನದಲ್ಲಿ ಸಾಲವನ್ನೇ ತೆಗೆಯದವರ ಖಾಲಿ ಜಾಗಕ್ಕೂ ಕಂಪ್ಯೂಟರ್ ಸೊನ್ನೆ ತುಂಬಿತ್ತು. ಸಾಲದ ಮೇಲೆ ಸಾಲ ಮಾಡುವವನೂ, ಮೊದಲ ಸಲ ಬ್ಯಾಂಕಿನ ಮೆಟ್ಟಿಲು ಹತ್ತಿದವಳೂ ಲೆಕ್ಕದಲ್ಲಿ ಒಂದೇ ಆಗಿದ್ದರು. ಇದನ್ನು ಹಿಡಿಯೋಕೆ ದೊಡ್ಡ ಪ್ರಮೇಯ ಬೇಕಿಲ್ಲ. ಪ್ರತಿ ಹೆಜ್ಜೆಯಲ್ಲೂ "ಇದು ಯಾಕೆ ನಿಜ?" ಅಂತ ಕೇಳುವ ಅಭ್ಯಾಸ ಬೇಕು. ಅದು ನನಗೆ ಬಂದದ್ದು ಪ್ರೂಫ್ ಬರೆದು, ತಿದ್ದಿಸಿಕೊಂಡು.

ಆದರೆ ಆ ಕುರ್ಚಿಯ ತನಕ ಹೋಗೋಕೆ ಗಣಿತ ಒಂದೇ ಸಾಲಲಿಲ್ಲ. ಪೈಥಾನ್, ಎಸ್‌ಕ್ಯೂಎಲ್, ಸಂಖ್ಯಾಶಾಸ್ತ್ರ ಕಲಿಯಬೇಕಾಯಿತು. ಬರೀ ಶುದ್ಧ ಗಣಿತದ ಮಾರ್ಕ್ಸ್ ಕಾರ್ಡ್ ಹಿಡಿದು ಇಂಟರ್‌ವ್ಯೂಗೆ ಹೋದರೆ ಕಷ್ಟ. ಸಂಖ್ಯಾಶಾಸ್ತ್ರ ಅಥವಾ ಕಂಪ್ಯೂಟರ್ ಜೊತೆಗಿರಲಿ ಅಂದದ್ದು ಇದಕ್ಕೇ. ಇನ್ನೊಂದು ಕಾರಣವೂ ಇದೆ. ಯುಪಿಎಸ್‌ಸಿ ನಡೆಸುವ ಇಂಡಿಯನ್ ಸ್ಟಾಟಿಸ್ಟಿಕಲ್ ಸರ್ವಿಸ್ ಪರೀಕ್ಷೆ ಬರೆಯಲು ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿ ಇರಬೇಕು, ಇಲ್ಲವೇ ಅದರಲ್ಲಿ ಎಂಎಸ್ಸಿ ಆಗಿರಬೇಕು. ಕೇಂದ್ರ ಸರ್ಕಾರದ ಒಳ್ಳೆಯ ಹುದ್ದೆಗಳು ಅವು. ಗಣಿತ ಓದಿದ ನಮ್ಮ ಮಕ್ಕಳು ಎಷ್ಟೋ ಜನ ಈ ಒಂದು ಕಾರಣಕ್ಕೆ ಅರ್ಜಿಯನ್ನೇ ಹಾಕಲಾಗುವುದಿಲ್ಲ.

ವಿಮೆ ಕಂಪನಿಗಳಿಗೆ ಆಕ್ಚುಯರಿಗಳು, ಅಂದರೆ ವಿಮೆಯ ರಿಸ್ಕ್ ಲೆಕ್ಕ ಹಾಕುವವರು, ಬೇಕು. ಪಿಯುಸಿ ಆದ ಮೇಲೆಯೇ ಎಸೆಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬಹುದು, ಆಮೇಲೆ ಒಂದರ ಮೇಲೊಂದು ಪರೀಕ್ಷೆ. ಡಿಗ್ರಿ ಓದುತ್ತಲೇ ಕೆಲವನ್ನು ಮುಗಿಸುವವರಿದ್ದಾರೆ.

ದುಡ್ಡಿನ ಬಗ್ಗೆ ಇನ್ನೊಂದು ಮಾತು. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇಕಡಾ 1ರೊಳಗೆ ಬಂದು ಬಿಎಸ್ಸಿ ಸೇರುವವರಿಗೆ ಕೇಂದ್ರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಇದೆ. ವರ್ಷಕ್ಕೆ 80,000 ರೂಪಾಯಿ, ಅದರಲ್ಲಿ 60,000 ಕೈಗೆ, ಉಳಿದದ್ದು ಬೇಸಿಗೆಯಲ್ಲಿ ಮಾಡುವ ಪ್ರಾಜೆಕ್ಟಿಗೆ. ಗಣಿತವೂ ಇದರಲ್ಲಿ ಬರುತ್ತೆ. ಇಂಜಿನಿಯರಿಂಗ್‌ಗೆ ಸಾಲ ಮಾಡಲು ತಯಾರಿರುವ ಮನೆಯವರಿಗೆ ಈ ಲೆಕ್ಕ ಕೂಡಿಸಿ ತೋರಿಸಿ.

ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ಮಾತು ಬಾಕಿ ಇದೆ. ಈ ಪರೀಕ್ಷೆಗಳು ಇಂಗ್ಲಿಷಿನಲ್ಲಿರುತ್ತವೆ, ಅದಕ್ಕೆ ಹೆದರಿ ಹಿಂದೆ ಸರಿಯುವವರನ್ನು ನೋಡಿದ್ದೇನೆ. ಗಣಿತದಲ್ಲಿ ಬೇಕಾಗುವ ಇಂಗ್ಲಿಷ್ ಬಹಳ ಕಡಿಮೆ. ಒಂದೇ ಥರದ ನೂರಿನ್ನೂರು ವಾಕ್ಯಗಳು ತಿರುಗಿ ತಿರುಗಿ ಬರುತ್ತವೆ. ಪ್ರೂಫನ್ನು ಮೊದಲು ಕನ್ನಡದಲ್ಲೇ ಯೋಚಿಸಿ ಬರೆಯಿರಿ. ಕನ್ನಡದಲ್ಲಿ ತೂತಿಲ್ಲದೆ ನಿಂತರೆ ಇಂಗ್ಲಿಷಿನಲ್ಲೂ ನಿಲ್ಲುತ್ತೆ. ಅಣ್ಣನ ಮಗಳು ಈಗ ಹೀಗೇ ಮಾಡುತ್ತಿದ್ದಾಳೆ. ಐಎಸ್‌ಐ ಮತ್ತು ಚೆನ್ನೈ, ಎರಡಕ್ಕೂ ಬರೆಯುತ್ತಾಳೆ. ಹಳೆಯ ಪ್ರಶ್ನೆಪತ್ರಿಕೆಗಳಿಂದ ಒಂದೊಂದೇ ಪ್ರಶ್ನೆ ಮಾಡಿ ಫೋಟೋ ಕಳಿಸುತ್ತಾಳೆ, ರಾತ್ರಿ ಕೆಲಸ ಮುಗಿದ ಮೇಲೆ ನೋಡಿ ಗೆರೆ ಎಳೆದು ವಾಪಸ್ ಕಳಿಸುತ್ತೇನೆ. ಎರಡೂ ಸಿಗದಿದ್ದರೆ ಬೆಂಗಳೂರಿನಲ್ಲಿ ನನ್ನ ಮನೆಯಲ್ಲೇ ಇದ್ದು ಬಿಎಸ್ಸಿ ಮಾಡಲಿ ಅಂತ ಅಣ್ಣನಿಗೆ ಹೇಳಿದ್ದೇನೆ. ಹೆಸರಘಟ್ಟದ ಹತ್ತಿರ ಐಸಿಟಿಎಸ್ ಅನ್ನುವ ಸಂಶೋಧನಾ ಕೇಂದ್ರ ಇದೆ. ಅವರು ಕೆಲವು ಭಾನುವಾರ ನೆಹರು ತಾರಾಲಯದಲ್ಲಿ "ಕಾಪಿ ವಿತ್ ಕ್ಯೂರಿಯಾಸಿಟಿ" ಅಂತ ಉಪನ್ಯಾಸ ಮಾಡಿಸುತ್ತಾರೆ, ಯಾರು ಬೇಕಾದರೂ ಹೋಗಬಹುದು. ಅವಳನ್ನು ಅಲ್ಲಿಗೂ ಕರೆದುಕೊಂಡು ಹೋಗುತ್ತೇನೆ.

ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದು, ಬರೆದದ್ದನ್ನು ನೋಡಿಕೊಡುವವರು ಹತ್ತಿರದಲ್ಲಿ ಯಾರೂ ಇಲ್ಲ ಅಂದರೆ ನನಗೆ ಕಳಿಸಿ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಕೈಯಲ್ಲಿ ಬರೆದದ್ದು, ಕನ್ನಡದಲ್ಲಾದರೂ ಸರಿ. ತಡವಾಗಬಹುದು, ಆದರೆ ಓದಿ ತಿದ್ದಿಯೇ ವಾಪಸ್ ಕಳಿಸುತ್ತೇನೆ.